ಅಗಸೆಯ ಒಳಗಿನ ಬಾಳು

ಗುಜರಾತದ ಅಹಮದಾಬಾದಿನ ಕೋಟೆಯೊಳಗಿನ ಹಳೆಯ ಊರನ್ನು ಯುನೆಸ್ಕೋ ಸಂಸ್ಥೆಯು ೨೦೧೭ನೆಯ ಇಸವಿಯ ಜುಲೈ ತಿಂಗಳಲ್ಲಿ, ಪೋಲೆಂಡ್ ದೇಶದ ಕ್ರಾಕೋವ್ ನಗರದಲ್ಲಿ ಕೂಡಿದ ಸಭೆಯಲ್ಲಿ, ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ ಒಂದು ಊರಿಗೆ ಊರೆಂಬ ಕಾರಣದಿಂದಲೇ ಈ ಮನ್ನಣೆ ದೊರೆತದ್ದು ಅದೇ ಮೊದಲು. ಜಯಪುರಕ್ಕೆ ಅದು ದೊರೆತದ್ದು ಎರಡು ವರ್ಷಗಳ ತರುವಾಯ. ನಮ್ಮ ಹಂಪೆಯು ೧೯೮೬ರಲ್ಲಿಯೂ ಪಟ್ಟದಕಲ್ಲು ೧೯೮೭ರಲ್ಲಿಯೂ ಈ ಪಟ್ಟಿಯನ್ನು ಸೇರಿದುದು ವಾಚಕರಿಗೆ ತಿಳಿದೇ ಇದೆ. ಆದರೆ ಅಲ್ಲಿ ಮನ್ನಣೆ ಪಡೆದುವು ಗುಡಿಗೋಪುರಗಳು. ಅಹಮದಾಬಾದಿನಲ್ಲಿ ಗುಡಿ ಮಸೀದಿಗಳೊಡನೆ ಮನ್ನಣೆ ಪಡೆದುವು ಇಂದಿಗೂ ಒಲೆ ಉರಿಯುವ, ತೊಟ್ಟಿಲು ತೂಗುವ, ಮಾಳಿಗೆಯ ಮೇಲೆ ಹಪ್ಪಳ ಒಣಗುವ ಸಾಮಾನ್ಯ ಗೃಹಸ್ಥರ ಮನೆಗಳು. ಮನೆಗೆ ಮರ್ಯಾದೆ ಬಂದಿತು, ಸಂತೋಷ. ಮನೆಯಲ್ಲಿರುವವನ ಪಾಡೇನು ಎಂಬ ಪ್ರಶ್ನೆಯನ್ನು ಇನ್ನು ಕೇಳಬೇಕಾಗಿದೆ. ಹಳೆಯ ಪೇಟೆಗಳನ್ನು ಉದ್ಧರಿಸುವ ಮಾತು ಊರೂರಿಗೂ ಹಬ್ಬಿರುವ ಈ ಕಾಲದಲ್ಲಿ ಈ ಪ್ರಶ್ನೆಗೆ ಅಹಮದಾಬಾದು ಕೊಡುವ ಉತ್ತರವು ಅದೊಂದಕ್ಕೇ ಸಂಬಂಧಿಸಿದ್ದಲ್ಲವೆಂದು ನಾವು ತಿಳಿಯುತ್ತೇವೆ.

ಊರಿನ ಹುಟ್ಟನ್ನು ಸ್ವಲ್ಪದರಲ್ಲಿ ಸ್ಮರಿಸೋಣ. ಸಾಬರಮತಿಯ ದಂಡೆಯಲ್ಲಿ ಮೊದಲು ಆಶಾವಲ್ ಎಂಬ ಊರಿತ್ತು. ಹನ್ನೊಂದನೆಯ ಶತಮಾನದಲ್ಲಿ ಸೋಲಂಕಿ ವಂಶದ ಅರಸನಾದ ಕರ್ಣದೇವನು ಅದರ ಬಳಿಯಲ್ಲಿ ಕರ್ಣಾವತಿಯೆಂಬ ಪಟ್ಟಣವನ್ನು ನೆಲೆಗೊಳಿಸಿದನು. ಈ ಕರ್ಣದೇವನ ರಾಣಿಯೂ ಪ್ರಸಿದ್ಧನಾದ ಸಿದ್ಧರಾಜ ಜಯಸಿಂಹನ ತಾಯಿಯೂ ಆದ ಮಯಣಲ್ಲದೇವಿಯು ಕದಂಬ ದೊರೆ ಜಯಕೇಶಿಯ ಮಗಳೆಂಬುದನ್ನು ಕನ್ನಡಿಗರು ಮರೆಯತಕ್ಕುದಲ್ಲ. ಆ ನೆಲಕ್ಕೂ ನಮಗೂ ಬೀಗತನದ ನಂಟು ಒಂಬತ್ತು ಶತಮಾನಗಳಷ್ಟು ಹಳೆಯದು. ಮುಂದೆ ೧೪೧೧ರಲ್ಲಿ ಸುಲ್ತಾನ ಅಹಮದ ಶಹನು ನದಿಯ ಮೂಡಣ ದಂಡೆಯ ಮೇಲೆ ಭದ್ರದ ಕೋಟೆಯನ್ನು ಕಟ್ಟಿಸಿ ತನ್ನ ಹೆಸರಿನ ರಾಜಧಾನಿಯನ್ನು ಸ್ಥಾಪಿಸಿದನು. ಕೋಟೆಯ ಮುಂದೆ ಮೂರು ಕಮಾನುಗಳ ತೀನ್ ದರವಾಜಾ, ಅದರಾಚೆ ೧೪೨೪ರಲ್ಲಿ ಮುಗಿದ ಜಾಮಾ ಮಸೀದಿ, ಮಸೀದಿಯ ಮಗ್ಗುಲಲ್ಲಿ ಮಾಣೆಕ್ ಚೌಕವೆಂಬ ಪೇಟೆ, ಪೇಟೆಯ ಸುತ್ತಲೂ ಜನವಸತಿ: ಈ ಕ್ರಮದಲ್ಲಿ ಊರು ಬೆಳೆಯಿತು. ಕೋಟೆಯ ಗೋಡೆಯ ಬಹುಭಾಗವು ಈಗಿಲ್ಲ. ದಿಲ್ಲಿ, ದರಿಯಾಪುರ, ಕಾಲೂಪುರ ಮೊದಲಾದ ಅಗಸೆಬಾಗಿಲುಗಳು ಮಾತ್ರ ನಿಂತಿವೆ. ಗೋಡೆ ಹೋದರೂ ಒಳಗಿನ ಬಾಳಿನ ರೀತಿಯು ಹೋಗಲಿಲ್ಲ. ಅದಕ್ಕೆ ಕಾರಣವಾದುದು 'ಪೋಳು' ಎಂಬ ಓಣಿಯ ಏರ್ಪಾಡು.

ಪೋಳೆಂದರೆ ಬರಿಯ ಓಣಿಯಲ್ಲ, ಬಾಗಿಲುಳ್ಳ ಓಣಿ. ಸಂಸ್ಕೃತದ 'ಪ್ರತೋಲೀ' ಶಬ್ದದಿಂದ ಆ ಹೆಸರು ಬಂದಿರುತ್ತದೆ. ಓಣಿಯ ತಲೆಯಲ್ಲಿ ಒಂದು ಹೆಬ್ಬಾಗಿಲು, ಅದರ ಮೇಲೆ ಕಾವಲುಗಾರನ ಕೋಣೆ. ಒಳಗೆ ಹೋದರೆ ಕವಲೊಡೆಯುವ ಸಣ್ಣ ಸಣ್ಣ ಸಂದಿಗಳು, ಒಂದಕ್ಕೊಂದು ಭುಜ ತಾಗಿಸಿ ನಿಂತ ಮೂರು ನಾಲ್ಕು ಅಂತಸ್ತಿನ ಮನೆಗಳು, ಒಂದು ಗುಡಿ, ಒಂದು ಬಾವಿ, ಹಕ್ಕಿಗಳಿಗೆ ಕಾಳು ಹಾಕಲು ಕಂಬದ ಮೇಲೆ ಕಟ್ಟಿದ 'ಚಬೂತರೊ' ಎಂಬ ಚಿತ್ರದ ಮಂಟಪ. ಓಣಿಯ ಸುದ್ದಿಯನ್ನು ಸಾರುವುದಕ್ಕೆ ಗೋಡೆಯ ಮೇಲೊಂದು ಕರಿಹಲಗೆ. ಮನೆಯ ಮುಂದೆ ಜಗುಲಿ, ಒಳಗೆ ಬೆಳಕು ಗಾಳಿಗಳಿಗಾಗಿ ತೆರೆದ ಅಂಗಳ, ಅಂಗಳದ ಕೆಳಗೆ ಮಾಳಿಗೆಯ ಮಳೆನೀರನ್ನು ಕೂಡಿಡುವ ನೆಲದೊಳಗಿನ ತೊಟ್ಟಿ. ಗುಜರಾತದ ಬೇಸಗೆಯ ಬೇಗೆಯನ್ನು ಬಲ್ಲವರಿಗೆ ಈ ರಚನೆಯ ಜಾಣ್ಮೆಯು ತಟ್ಟನೆ ತಿಳಿಯುವುದು: ಇಕ್ಕಟ್ಟಾದ ಓಣಿಯಲ್ಲಿ ಎದುರು ಮನೆಯ ನೆರಳೇ ಈ ಮನೆಗೆ ಕೊಡೆ. ಮರದ ಕಂಬ, ತೊಲೆ, ಬೋದಿಗೆಗಳ ಮೇಲಿನ ಕೆತ್ತನೆಯಲ್ಲಿ ಹಿಂದೂ, ಜೈನ, ಮುಸಲ್ಮಾನ ಶಿಲ್ಪಗಳು ಒಂದರಿಂದೊಂದು ಕಲಿತ ಪಾಠವು ಎದ್ದು ತೋರುತ್ತದೆ.

ಇದು ಕೇವಲ ಅಂದದ ಮಾತಾಗಿರಲಿಲ್ಲವೆಂಬುದನ್ನು ೨೦೦೧ನೆಯ ಇಸವಿಯ ಜನವರಿ ೨೬ರ ಭೂಕಂಪವು ತೋರಿಸಿಕೊಟ್ಟಿತು. ಅಂದು ಅಹಮದಾಬಾದಿನ ಹೊಸ ಬಡಾವಣೆಗಳಲ್ಲಿ ಕಾಂಕ್ರೀಟಿನ ಬಹುಮಹಡಿ ಕಟ್ಟಡಗಳು ಅನೇಕ ಕುಸಿದು ನೂರಾರು ಜನ ಪ್ರಾಣ ಕಳೆದುಕೊಂಡರು. ಹಳೆಯ ಊರಿನ ಮನೆಗಳು ಬಿರುಕುಬಿಟ್ಟುವು, ವಾಲಿದುವು. ಆದರೆ ಇಟ್ಟಿಗೆಯ ನಡುವೆ ಮರದ ತೊಲೆಗಳನ್ನು ಹೆಣೆದು ಕಟ್ಟಿದವುಗಳು ಬಹುಮಟ್ಟಿಗೆ ನೆಲಕಚ್ಚಲಿಲ್ಲ. ಹಳೆಯದೆಲ್ಲ ಅಪಾಯ, ಹೊಸದೆಲ್ಲ ಕ್ಷೇಮ ಎಂಬ ನಂಬಿಕೆಯು ಪೌರರ ಮನಸ್ಸಿನಲ್ಲಿ ಅಂದು ಸ್ವಲ್ಪ ಅಲುಗಾಡಿರಬೇಕು.

ಇಂಥ ಊರಿನಲ್ಲಿ ಬಾಳುವುದೆಂದರೆ ಏನು? ಮಾಣೆಕ್ ಚೌಕದ ಒಂದು ದಿನವನ್ನು ನೋಡಿದರೆ ಸಾಕು. ಮುಂಜಾನೆ ಅಲ್ಲಿ ಹಸುಗಳಿಗೆ ಮೇವು ಹಾಕುವ ಪುಣ್ಯಾರ್ಥಿಗಳು. ಹಗಲು ಬೆಳ್ಳಿಬಂಗಾರದ ವ್ಯಾಪಾರಸ್ಥರು. ಕತ್ತಲಾಗುತ್ತಲೇ ಚಿನಿವಾರರ ಅಂಗಡಿಗಳು ಮುಚ್ಚಿ ಅದೇ ನೆಲದ ಮೇಲೆ ತಿಂಡಿಯ ಗಾಡಿಗಳು ಸಾಲುಗೊಂಡು ನಡುರಾತ್ರಿಯ ತನಕ ಜನಜಂಗುಳಿ. ಒಂದೇ ಚೌಕವು ಮೂರು ಹೊತ್ತು ಮೂರು ಕಸುಬಿನವರಿಗೆ ಅನ್ನ ಕೊಡುತ್ತದೆ. ಮದುವೆಯ ಸೀರೆಗೆ ರತನ್ ಪೋಳು, ಪುಸ್ತಕಕ್ಕೆ ಗಾಂಧೀ ರಸ್ತೆಯ ಫರ್ನಾಂಡಿಸ್ ಸೇತುವೆಯ ಕೆಳಗಿನ ಅಂಗಡಿಗಳು, ಸುಲ್ತಾನರ ರಾಣಿಯರ ಗೋರಿಗಳ ಸುತ್ತ ಹೆಂಗಸರ ಉಡಿಗೆ ತೊಡಿಗೆಯ ಸಂತೆ. ಸಂಕ್ರಾಂತಿಯ ದಿನ, ಅಂದರೆ ಅವರ ಉತ್ತರಾಯಣದಂದು, ಓಣಿಗೆ ಓಣಿಯೇ ಮಾಳಿಗೆಯೇರಿ ಗಾಳಿಪಟ ಹಾರಿಸುವುದು. ದೂರದ ಬಡಾವಣೆಗಳಿಗೆ ಹೋಗಿ ನೆಲೆಸಿದವರೂ ಅಂದು ಹಳೆಯ ಮನೆಯ ಮಾಳಿಗೆಯನ್ನು ಹುಡುಕಿಕೊಂಡು ಬರುವರು. ಜಗುಲಿಯ ಮೇಲೆ ಕುಳಿತ ಮುದುಕಿಗೆ ಓಣಿಯೊಳಗೆ ಬಂದ ಅಪರಿಚಿತನು ಯಾರ ಮನೆಯ ನೆಂಟನೆಂದು ತಿಳಿಯದೆ ಸಮಾಧಾನವಿಲ್ಲ. ಇದು ಕೆಲವರಿಗೆ ಕಿರುಕುಳವಾಗಿ ತೋರಬಹುದು. ಆದರೆ ಮಕ್ಕಳಿಗೆ ಕಾವಲು, ರೋಗಿಗೆ ಆಸರೆ, ಮುಪ್ಪಿಗೆ ಸಂಗಡ ಇವು ದೊರೆಯುವುದು ಈ ಕಿರುಕುಳದಿಂದಲೇ ಎಂಬುದನ್ನು ಹೊಸ ಬಡಾವಣೆಯ ಮುಚ್ಚಿದ ಬಾಗಿಲುಗಳ ಹಿಂದೆ ಬಾಳಿದವರು ಅಲ್ಲಗಳೆಯಲಾರರು.

ಹೀಗಿರಲು ಜನರು ಬಿಟ್ಟುಹೋದದ್ದೇಕೆ? ಹಳೆಯದರ ಮೇಲಿನ ಅಭಿಮಾನವು ನಮ್ಮ ಕಣ್ಣಿಗೆ ಪೊರೆಯಾಗಬಾರದು. ಎರಡು ಗಾಡಿಗಳು ಎದುರುಬದುರಾದರೆ ನಿಲ್ಲುವ ಸಂದಿಯಲ್ಲಿ ಬೆಂಕಿಯಾರಿಸುವ ಯಂತ್ರವು ನುಗ್ಗಲಾರದು. ಕಡಿದಾದ ಮರದ ಮೆಟ್ಟಿಲುಗಳು ವೃದ್ಧರಿಗೆ ಶತ್ರುಗಳು. ಒಂದು ಕುಟುಂಬಕ್ಕೆಂದು ಕಟ್ಟಿದ ಮನೆಯಲ್ಲಿ ಐದು ಕುಟುಂಬಗಳು ಹೊಕ್ಕಾಗ ಪಾಯಖಾನೆಯ ಕಷ್ಟವನ್ನು ಬಣ್ಣಿಸಬೇಕಾಗಿಲ್ಲ. ೧೮೯೨ರಲ್ಲಿ ಎಲ್ಲಿಸ್ ಸೇತುವೆಯು ತೆರೆದ ಮೇಲೆ ನದಿಯ ಪಡುವಣ ದಂಡೆಗೆ ದಾರಿಯಾಯಿತು; ಇಪ್ಪತ್ತನೆಯ ಶತಮಾನದಲ್ಲಿ ಉಳ್ಳವರು ಒಬ್ಬೊಬ್ಬರಾಗಿ ಆಚೆಗೆ ಬಂಗಲೆ ಕಟ್ಟಿಕೊಂಡು ಹೋದರು. ೧೯೪೭ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆದಾರರನ್ನು ಬೀದಿಪಾಲಾಗದಂತೆ ಕಾಯ್ದಿತು, ನಿಜ; ಆದರೆ ಬಾಡಿಗೆಯು ಹಳೆಯ ಕಾಲದ ಮಟ್ಟದಲ್ಲಿಯೇ ನಿಂತುಹೋದುದರಿಂದ ಹೆಂಚು ಹೊದಿಸುವಷ್ಟು ಹುಟ್ಟುವಳಿಯೂ ಮಾಲಿಕನಿಗೆ ಉಳಿಯಲಿಲ್ಲ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿ ಬೀಗ ಬಿದ್ದ ಮನೆಗಳು ಬೇರೆ. ಊರಿಗೆ ಅನ್ನವಿಕ್ಕಿದ ಬಟ್ಟೆಯ ಗಿರಣಿಗಳು ೧೯೮೦ರ ದಶಕದಿಂದ ಒಂದರ ಮೇಲೊಂದು ಮುಚ್ಚಿದುವು. ಎಲ್ಲಕ್ಕಿಂತ ಹೆಚ್ಚಾಗಿ ೧೯೬೯, ೧೯೮೫, ೨೦೦೨ನೆಯ ಇಸವಿಗಳ ಮತೀಯ ಗಲಭೆಗಳು ನೆರೆಯವನನ್ನು ನೆರೆಯವನಿಗೆ ಹೆದರುವಂತೆ ಮಾಡಿದುವು. ಕಾವಲಿಗೆಂದು ಕಟ್ಟಿದ ಪೋಳಿನ ಬಾಗಿಲು ಅಂದಿನಿಂದ ಮನಸ್ಸುಗಳ ನಡುವಿನ ಬಾಗಿಲೂ ಆಯಿತು. ೧೯೯೧ರ ಕಾಯಿದೆಯೊಂದರ ಮೇರೆಗೆ, ಪ್ರಕ್ಷುಬ್ಧ ಪ್ರದೇಶವೆಂದು ಸಾರಿದ ಕಡೆಗಳಲ್ಲಿ ಕಲೆಕ್ಟರರ ಅಪ್ಪಣೆಯಿಲ್ಲದೆ ಮನೆಯನ್ನು ಮಾರುವಂತಿಲ್ಲ. ಹೆದರಿಕೆಯಿಂದ ಅಗ್ಗಕ್ಕೆ ಮಾರಿ ಓಡುವುದನ್ನು ತಡೆಯುವ ಉದ್ದೇಶದ ಈ ಕಾಯಿದೆಯು, ಎರಡು ಮತದವರು ಮತ್ತೆ ಒಂದೇ ಓಣಿಯಲ್ಲಿ ಸೇರುವುದಕ್ಕೂ ಅಡ್ಡವಾಗಿದೆಯೆಂಬ ಆಕ್ಷೇಪಣೆಯನ್ನು ಕೇಳುತ್ತ ಬಂದಿದೆ.

ಬಿಟ್ಟುಹೋದ ಮನೆಗೆ ಮೊದಲು ಬರುವುದು ಗೆದ್ದಲು, ತರುವಾಯ ಗುದಾಮು. ಕೆಳಗಿನ ಅಂಕಣದಲ್ಲಿ ಬಟ್ಟೆಯ ಮೂಟೆ, ಮೇಲಿನ ಅಂಕಣದಲ್ಲಿ ಪ್ಲಾಸ್ಟಿಕ್ ಸಾಮಾನು, ಬಾಗಿಲಿಗೆ ಬೀಗ, ಸಂಜೆಯಾದರೆ ದೀಪವಿಲ್ಲ. ಕೆತ್ತನೆಯ ಕಂಬಗಳು ಹಳೆಯ ಸಾಮಾನಿನ ವ್ಯಾಪಾರಿಯ ಕೈಸೇರಿ ಪರಸ್ಥಳದ ಶ್ರೀಮಂತರ ಮೊಗಸಾಲೆಯನ್ನು ಅಲಂಕರಿಸುವುವು. ಹೀಗೆ ಊರಿಗೆ ಊರೇ ಉಗ್ರಾಣವಾಗುವ ದಾರಿಯಲ್ಲಿದ್ದಾಗ ಅಹಮದಾಬಾದಿನ ನಗರಪಾಲಿಕೆಯು ಎಚ್ಚತ್ತುಕೊಂಡಿತು.

ಆ ನಗರದ ಪೌರಾಡಳಿತಕ್ಕೆ ಸಣ್ಣದಲ್ಲದ ಪರಂಪರೆಯಿದೆ. ೧೮೬೧ರಲ್ಲಿ ಅಲ್ಲಿಯ ಮೊದಲನೆಯ ಬಟ್ಟೆ ಗಿರಣಿಯನ್ನು ನಡೆಯಿಸಿದ ರಣಛೋಡಲಾಲ ಛೋಟಾಲಾಲರು ಮುಂದೆ ಪುರಸಭೆಯ ಅಧ್ಯಕ್ಷರಾಗಿ, ಊರವರ ವಿರೋಧವನ್ನು ಲೆಕ್ಕಿಸದೆ, ಕೊಳವೆ ನೀರನ್ನೂ ನೆಲದೊಳಗಿನ ಚರಂಡಿಯನ್ನೂ ತರಿಸಲು ಹೆಣಗಿದರು. ಸರದಾರ ವಲ್ಲಭಭಾಯಿ ಪಟೇಲರು ದೇಶಕಾರ್ಯಕ್ಕೆ ಕೈಪಳಗಿಸಿಕೊಂಡದ್ದು ಇದೇ ಪುರಸಭೆಯಲ್ಲಿ. ೧೯೨೪ರಿಂದ ೧೯೨೮ರ ವರೆಗೆ ಅವರು ಅದರ ಅಧ್ಯಕ್ಷರಾಗಿದ್ದರು. ಈ ಪರಂಪರೆಗೆ ತಕ್ಕಂತೆ ೧೯೯೬ರಲ್ಲಿ ನಗರಪಾಲಿಕೆಯು ಹಳೆಯ ಕಟ್ಟಡಗಳ ರಕ್ಷಣೆಗಾಗಿಯೇ ಒಂದು ಶಾಖೆಯನ್ನು ತೆರೆಯಿತು. ೧೯೯೭ರಲ್ಲಿ 'ಪರಂಪರೆಯ ನಡಿಗೆ' ಮೊದಲಾಯಿತು: ಬೆಳಗ್ಗೆ ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು, ಓಣಿಯಿಂದ ಓಣಿಗೆ ಹಾಯ್ದು, ಜಾಮಾ ಮಸೀದಿಯಲ್ಲಿ ಮುಗಿಯುವ ಕಾಲ್ನಡಿಗೆ. ಮಂದಿರದಲ್ಲಿ ಹೊರಟದ್ದು ಮಸೀದಿಯಲ್ಲಿ ಮುಗಿಯುವ ಈ ದಾರಿಯು ತಾನೇ ಒಂದು ಪಾಠವೆಂದು ನಾವು ಬಗೆಯುತ್ತೇವೆ. ದಾರಿಯಲ್ಲಿ ಗುಜರಾತಿಯ ಹಿರಿಯ ಕವಿ ದಲಪತರಾಮರು ಬಾಳಿದ ಲಾಂಬೇಶ್ವರನ ಪೋಳು ಸಿಕ್ಕುತ್ತದೆ. ಅವರ ಮನೆಯಿದ್ದ ಎಡೆಯಲ್ಲಿ ಈಗ ಅವರ ಪ್ರತಿಮೆಯು ಕುಳಿತಿದೆ. ಎರಡು ಸಾವಿರಕ್ಕೆ ಮಿಕ್ಕಿದ ಹಳೆಯ ಕಟ್ಟಡಗಳ ಪಟ್ಟಿಯಾಯಿತು. ಹಳೆಯ ಮನೆಯನ್ನು ಕೆಡವದೆ ಕಾಪಾಡುವವನಿಗೆ, ತನ್ನ ನಿವೇಶನದಲ್ಲಿ ಕಟ್ಟದೆ ಬಿಟ್ಟ ಅಂತಸ್ತುಗಳ ಹಕ್ಕನ್ನು ನಗರದ ಬೇರೆಡೆಯಲ್ಲಿ ಕಟ್ಟುವವರಿಗೆ ಮಾರಿ, ಬಂದ ಹಣದಿಂದ ಮನೆಯನ್ನು ದುರಸ್ತಿ ಮಾಡಿಕೊಳ್ಳುವ ಸವಲತ್ತು ದೊರೆಯಿತು. ಕೆಲವರು ಮನೆಯ ಒಂದೆರಡು ಕೋಣೆಗಳನ್ನು ಪ್ರವಾಸಿಗಳ ವಸತಿಗೆ ಬಿಟ್ಟು ನಾಲ್ಕು ಕಾಸು ಕಾಣುತ್ತಿದ್ದಾರೆ. ೨೦೨೨ರಲ್ಲಿ ತೆರೆದ ಮೆಟ್ರೋ ರೈಲು ಹಳೆಯ ಊರಿನ ನೆಲದಡಿಯಲ್ಲಿ ಹಾದು, ಕಾಲೂಪುರಕ್ಕೂ ಘೀಕಾಂಟಾಕ್ಕೂ ನಿಲ್ದಾಣಗಳನ್ನು ಕೊಟ್ಟಿದೆ. ಗೋಡೆಗಳನ್ನು ಒಡೆದು ರಸ್ತೆ ಹಿಗ್ಗಿಸದೆಯೂ ಊರಿಗೆ ಸಂಚಾರ ಸೌಕರ್ಯವನ್ನು ಒದಗಿಸಬಹುದೆಂಬುದಕ್ಕೆ ಇದು ಸಾಕ್ಷಿ.

ಇದೆಲ್ಲವೂ ಪ್ರಶಂಸನೀಯ. ಆದರೆ ಉದ್ಧಾರದ ಜೊತೆಗೇ ಒಂದು ಹೊಸ ಅಪಾಯವೂ ಬರುತ್ತದೆ. ಬೆಲೆಯಿಲ್ಲದ ಮನೆಯು ಗೆದ್ದಲಿನ ಪಾಲಾಗುವಂತೆ ಬೆಲೆಯೇರಿದ ಮನೆಯು ಹಣವಂತನ ಪಾಲಾಗುವುದು. ಉತ್ತರಾಯಣದ ದಿನ ಓಣಿಯ ಮಾಳಿಗೆಗಳು ಪ್ರವಾಸಿಗಳಿಗೆ ಬಾಡಿಗೆಗೆ ಸಿಕ್ಕುವ ರೂಢಿ ಈಗಾಗಲೇ ಬಂದಿದೆ. ಮನೆಯವರಿಗೆ ಅದು ವರ್ಷಕ್ಕೊಮ್ಮೆಯ ಸಂಪಾದನೆಯಾದ್ದರಿಂದ ನಾವು ಅದನ್ನು ದೂರುವುದಿಲ್ಲ. ಆದರೆ ಒಂದು ದಿನದ ಬಾಡಿಗೆಯು ವರ್ಷದ ಬಾಡಿಗೆಯಾಗಿ, ಮಾಳಿಗೆಯ ಬಾಡಿಗೆಯು ಮನೆಯ ಬಾಡಿಗೆಯಾಗಿ, ಓಣಿಯ ಮನೆಗಳೆಲ್ಲ ಉಪಾಹಾರಗೃಹಗಳೂ ಪ್ರವಾಸಿಮಂದಿರಗಳೂ ಆದರೆ ಗಾಳಿಪಟವನ್ನು ಹಾರಿಸುವವರು ಯಾರು, ಕರಿಹಲಗೆಯ ಮೇಲೆ ಬರೆಯುವವರು ಯಾರು, ಚಬೂತರೊಕ್ಕೆ ಕಾಳು ಹಾಕುವವರು ಯಾರು? ಪ್ರವಾಸಿಯು ನೋಡಬಂದದ್ದು ಯಾವ ಬಾಳನ್ನೋ ಆ ಬಾಳು ಅವನ ಬರವಿನಿಂದಲೇ ಅಳಿಯುವುದೆಂದರೆ ಅದಕ್ಕಿಂತ ವಿಪರೀತವು ಬೇರೊಂದಿಲ್ಲ.

ಇದು ಊಹೆಯ ಭೀತಿಯಲ್ಲ. ಮಲೇಶಿಯಾದ ಪೆನಾಂಗ್ ದ್ವೀಪದ ಜಾರ್ಜ್ ಟೌನ್ ಪಟ್ಟಣದಲ್ಲಿ ಹಳೆಯ ಅಂಗಡಿಮನೆಗಳನ್ನು ಬಾಡಿಗೆ ನಿಯಂತ್ರಣದ ಕಾಯಿದೆಯು ಬಹುಕಾಲ ಕಾದುಕೊಂಡು ಬಂದಿತ್ತು. ೨೦೦೦ನೆಯ ಇಸವಿಯ ಆರಂಭದಲ್ಲಿ ಅದು ರದ್ದಾದಾಗ ಬಾಡಿಗೆಯು ಒಮ್ಮೆಲೇ ಏರಿ, ತಲೆಮಾರುಗಳಿಂದ ಅಲ್ಲಿಯೇ ಇದ್ದ ಕಸುಬುದಾರರು ಮನೆಬಿಟ್ಟು ಹೋಗಬೇಕಾಯಿತು. ೨೦೦೮ರಲ್ಲಿ ಪಟ್ಟಣಕ್ಕೆ ವಿಶ್ವಪರಂಪರೆಯ ಪದವಿ ಬಂದಿತು. ಪದವಿ ಬರುವ ಹೊತ್ತಿಗೆ ಅದಕ್ಕೆ ಪಾತ್ರರಾದವರಲ್ಲಿ ಅನೇಕರು ಅಲ್ಲಿರಲಿಲ್ಲ. ಇದಕ್ಕೆ ಎದುರಾದ ಉದಾಹರಣೆಯು ಇಟಲಿಯ ಬೊಲೋನ್ಯಾ ನಗರ. ಅಲ್ಲಿಯ ನಗರಸಭೆಯು ೧೯೭೩ರಲ್ಲಿ, ಬಡವರಿಗೆ ಮನೆ ಕಟ್ಟಿಸುವುದಕ್ಕಾಗಿ ಇದ್ದ ಸರಕಾರೀ ಹಣವನ್ನು ಊರ ಹೊರಗೆ ಹೊಸ ಮನೆಗಳಿಗೆ ಸುರಿಯುವುದರ ಬದಲು ಊರ ನಡುವಿನ ಹಳೆಯ ಮನೆಗಳ ದುರಸ್ತಿಗೆ ಬಳಸುವ ಯೋಜನೆಯನ್ನು ಹಾಕಿತು. ಶಿಲ್ಪಿ ಪಿಯೆರ್ ಲುಯಿಜಿ ಚೆರ್ವೆಲ್ಲಾತಿಯವರು ಅದರ ಮುಂದಾಳುಗಳಲ್ಲೊಬ್ಬರು. ದುರಸ್ತಿಗೆ ಸಹಾಯಧನ ಪಡೆದ ಮಾಲಿಕನು ಮೊದಲಿದ್ದ ಬಾಡಿಗೆದಾರನನ್ನು ಬಿಡಿಸದೆ ಗೊತ್ತುಮಾಡಿದ ಬಾಡಿಗೆಗೇ ಇಟ್ಟುಕೊಳ್ಳತಕ್ಕದ್ದೆಂದು ಕರಾರಾಯಿತು. ಯೋಜನೆಯು ಮೊದಲು ಎಣಿಸಿದಷ್ಟು ವಿಸ್ತಾರವಾಗಿ ನಡೆಯಲಿಲ್ಲ; ಆದರೂ ಕಲ್ಲಿನೊಡನೆ ಕುಲವನ್ನೂ ಉಳಿಸುವುದು ಸಾಧ್ಯವೆಂಬ ತತ್ತ್ವವನ್ನು ಅದು ಜಗತ್ತಿನ ಮುಂದಿಟ್ಟಿತು.

ಈ ಎರಡು ಉದಾಹರಣೆಗಳ ನಡುವೆ ಅಹಮದಾಬಾದು ನಿಂತಿದೆ. ಆದುದರಿಂದ ನಾವು ಕೆಲವು ಮಾತುಗಳನ್ನು ಒತ್ತಿ ಹೇಳಬಯಸುತ್ತೇವೆ. ಮೊದಲನೆಯದಾಗಿ, ಹಳೆಯ ಮನೆಯ ಸಹಾಯಧನವು ಅದರ ಮುಖಭಾಗದ ಕೆತ್ತನೆಗೆ ಸಲ್ಲುವ ಮುನ್ನ ಅದರ ಪಾಯಖಾನೆಗೆ, ಚರಂಡಿಗೆ, ವಿದ್ಯುತ್ತಂತಿಗೆ ಸಲ್ಲತಕ್ಕದ್ದು. ಒಳಗೆ ಬಾಳಲಾಗದ ಮನೆಯ ಹೊರಗನ್ನು ಬಣ್ಣಿಸಿ ಫಲವಿಲ್ಲ. ಎರಡನೆಯದಾಗಿ, ಮಾಲಿಕನಿಗೂ ಬಾಡಿಗೆದಾರನಿಗೂ ನ್ಯಾಯವಾಗುವಂತೆ ಬಾಡಿಗೆಯನ್ನು ಹಂತಹಂತವಾಗಿ ಸರಿಪಡಿಸಿ, ಏರಿದ ಬಾಡಿಗೆಯ ಭಾಗವು ದುರಸ್ತಿಗೇ ಹೋಗುವಂತೆ ಕಟ್ಟು ಮಾಡಬೇಕು. ಕಾಯಿದೆಯು ಕಲ್ಲಿನಂತೆ ನಿಂತರೆ ಮನೆ ಬೀಳುವುದು, ಒಮ್ಮೆಲೇ ಸರಿದರೆ ಮನೆಯವನು ಬೀಳುವನು. ಮೂರನೆಯದಾಗಿ, ಒಂದೊಂದು ಓಣಿಯಲ್ಲಿಯೂ ವ್ಯಾಪಾರಕ್ಕೂ ಗುದಾಮಿಗೂ ಪ್ರವಾಸಿಗಳ ವಸತಿಗೂ ಬಿಡಬಹುದಾದ ಮನೆಗಳ ಸಂಖ್ಯೆಗೆ ಮೇರೆಯಿರಬೇಕು. ಆ ಮೇರೆಯನ್ನು ಗೊತ್ತುಮಾಡುವಲ್ಲಿ ಪೋಳಿನ ಪಂಚರ ಮಾತು ನಡೆಯಬೇಕು. ನಾಲ್ಕನೆಯದಾಗಿ, ಮರಗೆಲಸದವರಿಗೂ ಸುಣ್ಣದ ಗಾರೆಯವರಿಗೂ ಕೆಲಸ ಕೊಟ್ಟು, ಮಕ್ಕಳಿಗೆ ಆ ಕಸುಬನ್ನು ಕಲಿಸುವ ಏರ್ಪಾಡು ಊರೊಳಗೇ ಆಗಬೇಕು. 'ಮನೆ ಕಟ್ಟಿ ನೋಡು' ಎಂಬ ನಮ್ಮ ಗಾದೆಯನ್ನು ಮಾಡಿದವರು ಹಳೆಯ ಮನೆಯನ್ನು ರಿಪೇರಿ ಮಾಡಿಸಿದ್ದರೆ ಅದಕ್ಕೆ ಇನ್ನೊಂದು ಸಾಲನ್ನು ಸೇರಿಸುತ್ತಿದ್ದರು; ಕಸುಬು ಬಲ್ಲವರಿಲ್ಲದೆ ಹಣವಿದ್ದೂ ಪ್ರಯೋಜನವಿಲ್ಲ. ಕಡೆಯದಾಗಿ, ಅಭಯವಿಲ್ಲದ ಊರಿನಲ್ಲಿ ವಾಸವಿಲ್ಲ. ಹಿಂದೂ ಮುಸಲ್ಮಾನರ ನಡುವಣ ವಿಶ್ವಾಸವೇ ಆ ಊರಿನ ನಿಜವಾದ ತೊಲೆಕಂಬ. ಅದನ್ನು ದುರಸ್ತಿ ಮಾಡದೆ ಉಳಿದ ಯಾವ ದುರಸ್ತಿಯೂ ನಿಲ್ಲದು.

ಕನ್ನಡ ನಾಡಿನವರು ಈ ವಿಷಯವನ್ನು ನೆರೆಮನೆಯ ಸುದ್ದಿಯೆಂದು ಕೇಳಿ ಸುಮ್ಮನಾಗುವಂತಿಲ್ಲ. ೧೫೩೭ರಲ್ಲಿ ಕೆಂಪೇಗೌಡನು ನೆಲೆಗೊಳಿಸಿದ ಬೆಂಗಳೂರಿನ ಪೇಟೆಯಲ್ಲಿ ಅಕ್ಕಿಪೇಟೆ, ಬಳೇಪೇಟೆ, ರಾಗಿಪೇಟೆ ಎಂಬ ಹೆಸರುಗಳು ಒಂದೊಂದು ಕಸುಬಿನ ನೆನಪನ್ನು ಹೊತ್ತು ನಿಂತಿವೆ. ಮೈಸೂರಿನಲ್ಲಿ ೨೦೧೨ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗವು ಕುಸಿದು ಪ್ರಾಣಹಾನಿಯಾಯಿತು. ೨೦೧೬ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವು ಕುಸಿಯಿತು. ಕುಸಿದ ಮರುದಿನ ಕೆಡವಬೇಕೋ ಉಳಿಸಬೇಕೋ ಎಂದು ಜಗಳವಾಡುವುದಕ್ಕಿಂತ, ಕುಸಿಯುವ ಮುಂಚೆ ವರ್ಷವರ್ಷವೂ ನಾಲ್ಕು ಹೆಂಚು ಬದಲಿಸುವುದು ಅಗ್ಗದ ಮಾರ್ಗವೆಂಬುದನ್ನು ನಮ್ಮ ನಗರಸಭೆಗಳು ಮನಗಾಣಬೇಕು. ಹಾಗೆ ಉಳಿಸುವಾಗಲೂ, ವೀಳ್ಯದೆಲೆಯನ್ನು ಮಾರುವವನೂ ಹೂ ಕಟ್ಟುವವಳೂ ಆ ಸೂರಿನ ಕೆಳಗೇ ಉಳಿಯುವಂತೆ ನೋಡಿಕೊಳ್ಳುವುದು ಅವುಗಳ ಕರ್ತವ್ಯವಾಗಿರುತ್ತದೆ.

ಊರು ಎಂಬುದು ಕಲ್ಲು ಮಣ್ಣುಗಳ ಲೆಕ್ಕವಾಗಿದ್ದರೆ ಅದನ್ನು ಕಾಯುವುದಕ್ಕೆ ಪಹರೆಯವರು ಸಾಕಾಗಿದ್ದರು. ಅಹಮದಾಬಾದಿನ ಪೋಳಿಗೆ ಆರು ಶತಮಾನಗಳ ಆಯುಷ್ಯವನ್ನು ಕೊಟ್ಟದ್ದು ಅಲ್ಲಿ ಹುಟ್ಟಿ, ನೆರೆಯವನೊಡನೆ ಜಗಳವಾಡಿ, ಮತ್ತೆ ಅವನ ಮನೆಯ ಮದುವೆಗೆ ಹೋಗಿ ಉಂಡು ಬಂದ ಸಾಮಾನ್ಯ ಜನ. ಮುಂದಿನ ಆಯುಷ್ಯವೂ ಅವರ ಕೈಯಲ್ಲಿಯೇ ಇದೆ. ಅವರಿಗೆ ಅಲ್ಲಿ ಇರುವಷ್ಟು ಅನುಕೂಲವನ್ನೂ ಅಭಯವನ್ನೂ ಕಲ್ಪಿಸಿಕೊಡುವುದಷ್ಟೇ ಸರಕಾರದ ಮತ್ತು ನಗರಪಾಲಿಕೆಯ ಕೆಲಸ. ಸಂಜೆಯ ಹೊತ್ತು ಪ್ರತಿಯೊಂದು ಅಂಕಣದಲ್ಲಿಯೂ ದೀಪ ಕಾಣುವ ಓಣಿಗಳು ಆ ಅಗಸೆಗಳ ಒಳಗೆ ಹೆಚ್ಚುತ್ತ ಹೋದರೆ ೨೦೧೭ರ ಮನ್ನಣೆಯು ಸಾರ್ಥಕವಾಯಿತೆಂದು ತಿಳಿಯಬಹುದು.